ರಾಂಡೊ ಓಡಾಟ: ಸೇತುವೆಗಿಂತ ಮೊದಲು ಜಾಗದ ಪತ್ರ

ಗುರುವಾರ

ಅಮೆರಿಕದ ಮಿನಸೋಟಾ ರಾಜ್ಯದ ಸೇಂಟ್ ಪಾಲ್ ಊರಿನ ವಿಕ್ಟೋರಿಯಾ ಸ್ಟೇಷನ್ನಿನಲ್ಲಿ ಗ್ರೀನ್ ಲೈನ್ ರೈಲು ಇಳಿದು ದಕ್ಷಿಣದ ಕಡೆಗೆ ನಡೆದೆ. ಅಕ್ಕನ ಮನೆ ಇರುವುದು ಊರಾಚೆ. ಬೆಳಿಗ್ಗೆ ಭಾವ ರೈಲಿನ ತನಕ ಕಾರಿನಲ್ಲಿ ಬಿಟ್ಟಿದ್ದರು. "ಅಲ್ಲೇನಿದೆ ನೋಡೋಕೆ? ನಾನು ದಿನಾ ಅದೇ ರೋಡಲ್ಲಿ ಆಫೀಸಿಗೆ ಹೋಗ್ತೀನಲ್ಲ" ಅಂದರು. ನಾನು ಬಂದದ್ದೇ ಆ ರೋಡು, ಅದಕ್ಕಾಗಿ ಒಡೆದ ರಾಂಡೊ ಕೇರಿ ನೋಡಲಿಕ್ಕೆ.

ಅರೋರಾ, ಫುಲ್ಲರ್, ಸೆಂಟ್ರಲ್ ಅಂತ ಒಂದರ ಹಿಂದೆ ಒಂದು ಬೀದಿ ಬರುತ್ತವೆ. ಮರದ ಮನೆಗಳು, ಮುಂದೆ ಜಗಲಿ, ಜಗಲಿಯಲ್ಲಿ ಎರಡು ಕುರ್ಚಿ. ಇನ್ನೂ ನಾಲ್ಕು ಬೀದಿ ಹೀಗೇ ಇರಬೇಕು ಅಂದುಕೊಳ್ಳುವಷ್ಟರಲ್ಲಿ ಊರು ಮುಗಿದೇ ಹೋಗುತ್ತದೆ. ಮುಂದೆ ತಂತಿ ಬೇಲಿ. ಬೇಲಿಯ ಆಚೆ ಆಳವಾದ ತಗ್ಗು, ಆ ತಗ್ಗಿನಲ್ಲಿ ಐ-94 ಹೆದ್ದಾರಿ.

ಗ್ರಾಟೊ ಬೀದಿಯ ಹತ್ತಿರ ನಡೆದು ದಾಟುವವರಿಗೆ ಒಂದು ಸೇತುವೆ ಇದೆ. ಅದರ ಮಧ್ಯೆ ನಿಂತುಕೊಂಡೆ. ಕೆಳಗೆ ಒಂದೊಂದು ದಿಕ್ಕಿಗೂ ಮೂರು ನಾಲ್ಕು ಲೇನ್. ಲಾರಿ ಹೋದಾಗಲೆಲ್ಲ ಕಾಲಡಿ ಸಣ್ಣಗೆ ನಡುಗುತ್ತೆ. ಪಕ್ಕದಲ್ಲಿ ಒಬ್ಬ ಹುಡುಗ ಸೈಕಲ್ ತಳ್ಳಿಕೊಂಡು ಬಂದ, ಏನೋ ಹೇಳಿದ, ಕೇಳಿಸಲಿಲ್ಲ. ಅವನು ಕೈಯೆತ್ತಿ ನಮಸ್ಕಾರದ ಹಾಗೆ ಮಾಡಿ ಹೋದ. ಇಲ್ಲಿನವರು ಆಚೆ ದಡದ ಅಂಗಡಿಗೋ ಚರ್ಚಿಗೋ ಹೋಗಬೇಕಾದರೆ ಈ ಸದ್ದಿನ ಮೇಲೆಯೇ ಹೋಗಬೇಕು.

ಈ ತಗ್ಗು ಇರುವ ಜಾಗದಲ್ಲಿ ರಾಂಡೊ ಅವೆನ್ಯೂ ಇತ್ತು. ಹಿಂದಿನ ಕಾಲದ ಒಬ್ಬ ಫ್ರೆಂಚ್ ಕೆನಡಿಯನ್ ವಲಸಿಗನ ಹೆಸರು ಅದು. ಇಪ್ಪತ್ತನೇ ಶತಮಾನದ ಹೊತ್ತಿಗೆ ಸೇಂಟ್ ಪಾಲ್‌ನ ಕರಿಯ ಜನರಲ್ಲಿ ಹೆಚ್ಚಿನವರು ಇದರ ಸುತ್ತಮುತ್ತಲೇ ಇದ್ದರು. ರೈಲ್ವೆಯಲ್ಲಿ ಪೋರ್ಟರ್ ಕೆಲಸ ಮಾಡುವವರು, ಕ್ಷೌರದ ಅಂಗಡಿಯವರು, ಪಾದ್ರಿಗಳು, ಮೇಷ್ಟ್ರುಗಳು, ವಕೀಲರು. ತಗ್ಗಿನ ಕಡೆಯ ಬಡವರ ಭಾಗವನ್ನ ಕಾರ್ನ್‌ಮೀಲ್ ವ್ಯಾಲಿ ಅಂತಲೂ, ಮೇಲಿನ ಅನುಕೂಲಸ್ಥರ ಭಾಗವನ್ನ ಓಟ್‌ಮೀಲ್ ಹಿಲ್ ಅಂತಲೂ ಅವರೇ ಕರೆದುಕೊಳ್ಳುತ್ತಿದ್ದರು. 1956ರಿಂದ 1968ರ ಒಳಗೆ ಹೆದ್ದಾರಿ ಈ ರಾಂಡೊ ಕೇರಿಯನ್ನು ಮಧ್ಯಕ್ಕೆ ಸೀಳಿತು. ನಗರದ ಪ್ರತಿ ಎಂಟು ಆಫ್ರಿಕನ್-ಅಮೆರಿಕನ್ನರಲ್ಲಿ ಒಬ್ಬರು ಮನೆ ಕಳೆದುಕೊಂಡರು. ಇವತ್ತು ಈ ಕೇರಿಗಾಗಿ ಕೆಲಸ ಮಾಡುತ್ತಿರುವ ರೀಕನೆಕ್ಟ್ ರಾಂಡೊ ಸಂಸ್ಥೆಯ ಲೆಕ್ಕದಲ್ಲಿ 700 ಮನೆ, 300 ವ್ಯಾಪಾರ ಹೋದವು.

ದಕ್ಷಿಣ ದಡದಲ್ಲಿ, ಕಾನ್‌ಕಾರ್ಡಿಯಾ ಮತ್ತು ಫಿಸ್ಕ್ ಬೀದಿಗಳು ಸೇರುವಲ್ಲಿ, 2018ರಲ್ಲಿ ತೆರೆದ ಸ್ಮಾರಕ ಪ್ಲಾಜಾ ಇದೆ. ಸಣ್ಣ ಜಾಗ, ಹಳೆಯ ಕತೆ ಹೇಳುವ ಫಲಕಗಳು. ಒಂದೊಂದೂ ನಿಧಾನವಾಗಿ ಓದಿದೆ.

ಶುಕ್ರವಾರ

ಇವತ್ತು ಪೂರ್ತಿ ಮಿನಸೋಟಾ ಹಿಸ್ಟರಿ ಸೆಂಟರಿನ ಲೈಬ್ರರಿಯಲ್ಲಿ. ಹಳೆಯ ಸಿಟಿ ಡೈರೆಕ್ಟರಿಗಳನ್ನ ನೋಡಬೇಕಿತ್ತು. ಫೋನ್ ಬುಕ್ಕಿಗಿಂತ ಹಳೆಯ ಪದ್ಧತಿ ಇದು: ಬೀದಿಯ ಹೆಸರು ಹಾಕಿ, ಮನೆ ನಂಬರಿನ ಕ್ರಮದಲ್ಲಿ ಯಾರ್ಯಾರು ಇದ್ದರು ಅಂತ ಅಚ್ಚು ಹಾಕುತ್ತಿದ್ದರು. ರಾಂಡೊ ಬೀದಿಯ ಪುಟ ತೆಗೆದು ಬೆರಳಿಟ್ಟು ಓದುತ್ತಾ ಹೋದೆ. ಒಂದು ಸಾಲು ದಿನಸಿ ಅಂಗಡಿ, ಇನ್ನೊಂದು ಸಾಲು ಕ್ಷೌರಿಕ, ಆಮೇಲೆ ಸಾಲುಸಾಲು ಮನೆ, ಹೆಸರಿನ ಪಕ್ಕ ಸ್ವಂತ ಮನೆ ಅನ್ನುವ ಗುರುತು. ಆ ಗುರುತು ನಾನಂದುಕೊಂಡಿದ್ದಕ್ಕಿಂತ ತುಂಬಾ ಜಾಸ್ತಿ ಇತ್ತು. ಬಾಡಿಗೆ ಕೊಳೆಗೇರಿ ಅಂತ ಹೇಳಿ ಒಡೆದ ಜಾಗ ಇದು ಅಲ್ವಾ? ಪುಸ್ತಕದಲ್ಲಿ ಕಾಣುವುದು ಬೇರೆಯೇ. ವರ್ಷದಿಂದ ವರ್ಷಕ್ಕೆ ಪುಸ್ತಕ ಬದಲಿಸುತ್ತಾ ಹೋದರೆ 'ಖಾಲಿ' ಅನ್ನುವ ಪದ ಮೊದಲು ಅಲ್ಲೊಂದು ಇಲ್ಲೊಂದು, ಆಮೇಲೆ ಒಟ್ಟೊಟ್ಟಿಗೆ ಬರುತ್ತದೆ.

ಬೇರೆ ದಾರಿ ಇರಲಿಲ್ಲವಾ? ಇತ್ತು. ಆಗ ನಗರ ಯೋಜನೆಯ ಅಧಿಕಾರಿಯಾಗಿದ್ದ ಜಾರ್ಜ್ ಹೆರಾಲ್ಡ್, ಹೆದ್ದಾರಿಯನ್ನ ಉತ್ತರಕ್ಕೆ, ರೈಲು ಹಳಿಗಳ ಪಕ್ಕದಲ್ಲಿ ಒಯ್ಯಿರಿ ಅಂತ ಹೇಳಿದ್ದರು. ಈ ಕಡೆಯಿಂದ ತಂದರೆ ಕರಿಯ ಜನರ ಊರು ಒಡೆಯುತ್ತದೆ ಅನ್ನುವುದೂ ಅವರ ಕಾರಣಗಳಲ್ಲಿ ಒಂದು. ಕೇಳಲಿಲ್ಲ. ಸೇಂಟ್ ಪಾಲ್ ಪೇಟೆಯಿಂದ ಪಕ್ಕದ ಮಿನಿಯಾಪೊಲಿಸ್ ಪೇಟೆಗೆ ನೇರ ದಾರಿ ಬೇಕಿತ್ತು. ಮನೆ ಬಿಡಲ್ಲ ಅಂತ ಕೂತ ಪಾದ್ರಿ ಜಾರ್ಜ್ ಡೇವಿಸ್ ಅವರ ಮನೆಗೆ 1956ರಲ್ಲಿ ಪೊಲೀಸರು ಕೊಡಲಿ, ಸುತ್ತಿಗೆ ಹಿಡಿದು ಬಂದರು. ಆಗ ಆ ಮನೆಯಲ್ಲಿದ್ದ ಮೊಮ್ಮಗ ದೊಡ್ಡವನಾದ ಮೇಲೆ ಇದನ್ನ ಮತ್ತೆ ಮತ್ತೆ ಹೇಳಿದ್ದಾರೆ.

ಪಿಲ್‌ಗ್ರಿಮ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ ಫ್ಲಾಯ್ಡ್ ಮ್ಯಾಸಿ, ಟಿಮೊಥಿ ಹೋವರ್ಡ್ ಇವರೆಲ್ಲ ಸೇರಿ ಹೋರಾಡಿದರು. ಹೆದ್ದಾರಿ ನಿಲ್ಲಿಸಲು ಆಗಲಿಲ್ಲ. ಆದರೆ ಒಂದು ಗೆದ್ದರು: ಕಂಬಗಳ ಮೇಲೆ ಎತ್ತರಿಸಿ ಕಟ್ಟಬೇಕೆಂದಿದ್ದ ರಸ್ತೆಯನ್ನ ನೆಲದಿಂದ ಕೆಳಗೆ ಇಳಿಸುವ ಹಾಗೆ ಮಾಡಿದರು. ಇವತ್ತು ಅದರ ಮೇಲೆ ಚಪ್ಪಡಿ ಮುಚ್ಚಿ, ಮಣ್ಣು ಹಾಕಿ, ಮನೆ ಕಟ್ಟೋಣ, ಅಂದರೆ ಲ್ಯಾಂಡ್ ಬ್ರಿಡ್ಜ್ ಮಾಡೋಣ ಅಂತ ಮಾತಾಡಲು ಆಗುತ್ತಿರುವುದು ರಸ್ತೆ ತಗ್ಗಿನಲ್ಲಿ ಇರುವುದರಿಂದಲೇ. ಎತ್ತರದ ಫ್ಲೈಓವರ್ ಆಗಿದ್ದರೆ ಮುಚ್ಚುವುದೇನನ್ನ? ಅವತ್ತು ಸೋತವರು ಗಿಟ್ಟಿಸಿಕೊಂಡ ಅಷ್ಟೇ ಅಷ್ಟು ಮೊಮ್ಮಕ್ಕಳಿಗೆ ಈಗ ಕೆಲಸಕ್ಕೆ ಬರುತ್ತಿದೆ.

ಇನ್ನೊಂದು ವಿಷಯವನ್ನ ಬರೆದಿಟ್ಟುಕೊಂಡೆ. ಮನೆ ಹೋದವರಿಗೆ ಬೇರೆ ಕಡೆ ನೆಲೆ ಕಲ್ಪಿಸಲು ಕೇಂದ್ರದ ಎಲ್ಲ ಯೋಜನೆಗಳಲ್ಲೂ ನೆರವು ಕೊಡಲೇಬೇಕು ಅನ್ನುವ ಕಾನೂನಿಗೆ ಸಹಿ ಬಿದ್ದದ್ದು 1971ರ ಜನವರಿಯಲ್ಲಿ. ಬಣ್ಣ ನೋಡಿ ಮನೆ ಕೊಡಲ್ಲ ಅನ್ನಬಾರದು ಅಂತ ಕೇಂದ್ರ ಕಾನೂನು ಬಂದದ್ದು 1968ರಲ್ಲಿ, ಅಂದರೆ ಇಲ್ಲಿ ಹೆದ್ದಾರಿ ಮುಗಿದ ವರ್ಷ. ಹಾಗಾಗಿ ರಾಂಡೊದವರು ಕಡಿಮೆ ಪರಿಹಾರ ಕೈಯಲ್ಲಿ ಹಿಡಿದು ಹೊರಟಾಗ ನಗರದ ಎಷ್ಟೋ ಬಡಾವಣೆಗಳು ಅವರಿಗೆ ಮನೆಯನ್ನೇ ಮಾರುತ್ತಿರಲಿಲ್ಲ. ಹೋದ ಮನೆಗಳ ಬೆಲೆ ಬೆಳೆದು ಮಕ್ಕಳಿಗೆ ಸಿಗಬೇಕಿದ್ದ ಆಸ್ತಿ ಎಷ್ಟು ಅಂತ ರೀಕನೆಕ್ಟ್ ರಾಂಡೊ 2020ರಲ್ಲಿ ಲೆಕ್ಕ ಹಾಕಿಸಿತು. ಅದು ಬಂದದ್ದು 15 ಕೋಟಿ 70 ಲಕ್ಷ ಡಾಲರ್.

ಶನಿವಾರ

ಸೆಲ್ಬಿ ಅವೆನ್ಯೂ. ಹಳೆಯ ರಾಂಡೊದ ದಕ್ಷಿಣದ ಅಂಚು ಇದು. ಪೆನಂಬ್ರ ನಾಟಕ ಕಂಪನಿ ಹತ್ತಿರದಲ್ಲೇ ಇದೆ, ಆದರೆ ಇವತ್ತು ಆಟ ಇರಲಿಲ್ಲ.

ಸೆಲ್ಬಿಯಲ್ಲಿ ನಾನು ನೋಡಲೇಬೇಕು ಅಂದುಕೊಂಡಿದ್ದು ಮಿಲ್ಟನ್, ವಿಕ್ಟೋರಿಯಾ ಬೀದಿಗಳ ಹತ್ತಿರದ ಹೊಸ ಕಟ್ಟಡಗಳು. ಮೇಲೆ ವಯಸ್ಸಾದವರಿಗೆ ಕೈಗೆಟುಕುವ ಬಾಡಿಗೆಯ ಮನೆಗಳು, ಕೆಳಗೆ ಅಂಗಡಿಗಳು. ಹೊರಗಿನಿಂದ ನೋಡಿದರೆ ಮಾಮೂಲಿ ಇಟ್ಟಿಗೆ, ಗಾಜು. ವಿಶೇಷ ಇರುವುದು ಜಾಗದ ಪತ್ರದಲ್ಲಿ. ಇದರ ಹಿಂದೆ ಇರುವುದು ರಾಂಡೊ ಕಮ್ಯುನಿಟಿ ಲ್ಯಾಂಡ್ ಟ್ರಸ್ಟ್, ಊರಿನವರಿಗಾಗಿ ಜಾಗ ಹಿಡಿದಿಡುವ ಸಂಸ್ಥೆ, 1993ರಲ್ಲಿ ಶುರುವಾದದ್ದು. ಅಂಗಡಿಗಳೂ ಟ್ರಸ್ಟಿನ ಲೆಕ್ಕದಲ್ಲೇ ಇವೆ, ಅಂದರೆ ಬೀದಿ ಫ್ಯಾಶನ್ ಆಯಿತು ಅಂತ ಬಾಡಿಗೆ ಮೂರು ಪಟ್ಟು ಮಾಡಿ ಊರಿನ ಅಂಗಡಿಯವರನ್ನ ಎಬ್ಬಿಸುವುದು ಸುಲಭವಲ್ಲ.

ಮನೆಗಳ ವಿಷಯದಲ್ಲಿ ಇದು ಹೇಗೆ ನಡೆಯುತ್ತೆ ಅಂದರೆ, ಮನೆ ನಿಮ್ಮದು, ಜಾಗ ಟ್ರಸ್ಟಿನದು. ಜಾಗದ ಬೆಲೆ ಬಿಟ್ಟು ಬರೀ ಕಟ್ಟಡಕ್ಕೆ ದುಡ್ಡು ಕೊಡುವುದರಿಂದ ಸಾಲ ಕಡಿಮೆ ಸಾಕು. ಜಾಗಕ್ಕೆ ಸಾಮಾನ್ಯವಾಗಿ 99 ವರ್ಷದ ಲೀಸ್, ತಿಂಗಳಿಗೆ ಸಣ್ಣ ಮೊತ್ತ. ಮಕ್ಕಳಿಗೆ ಬಿಟ್ಟುಹೋಗಬಹುದು. ಮಾರುವಾಗ ಮಾತ್ರ ಒಂದು ಕಟ್ಟು: ಏರಿದ ಬೆಲೆಯಲ್ಲಿ ಒಂದು ಪಾಲು ನಿಮಗೆ, ಉಳಿದದ್ದು ಮನೆಯಲ್ಲೇ ಉಳಿಯುತ್ತೆ, ಮುಂದಿನ ಸಾಧಾರಣ ಸಂಬಳದವರಿಗೂ ಅದು ಸಿಗಬೇಕು ಅಂತ. ಉದಾಹರಣೆಗೆ ಮೂರು ಲಕ್ಷ ಡಾಲರಿನ ಮನೆ ಎರಡು ಲಕ್ಷಕ್ಕೆ ಸಿಕ್ಕಿತು, ಬೆಲೆ ಲಕ್ಷ ಡಾಲರ್ ಏರಿತು ಅಂತ ಇಟ್ಟುಕೊಳ್ಳಿ. ಆ ಲಕ್ಷದಲ್ಲಿ ಕಾಲು ಭಾಗ ನಿಮಗೆ ಬರುವ ಹಾಗೆ ಒಪ್ಪಂದ ಇರಬಹುದು. ನೀವು ಕಟ್ಟಿದ ಸಾಲದ ಅಸಲು ಹೇಗೂ ನಿಮ್ಮದೇ.

ಈ ಪದ್ಧತಿಯ ಬೇರು ಹುಡುಕುತ್ತಾ ಹೋದರೆ ಜಾರ್ಜಿಯಾ ರಾಜ್ಯಕ್ಕೆ ಹೋಗಿ ಮುಟ್ಟುತ್ತೀರಿ. ವೋಟಿಗೆ ಹೆಸರು ಬರೆಸಿದರು ಅಂತ ಗೇಣಿ ಜಮೀನಿನಿಂದ ಎಬ್ಬಿಸಿದ ಕರಿಯ ರೈತರಿಗಾಗಿ ಚಾರ್ಲ್ಸ್ ಶೆರಾಡ್, ಸ್ಲೇಟರ್ ಕಿಂಗ್, ರಾಬರ್ಟ್ ಸ್ವಾನ್ ಇವರೆಲ್ಲ 1969ರಲ್ಲಿ ನ್ಯೂ ಕಮ್ಯುನಿಟೀಸ್ ಅಂತ ಒಂದು ಸಂಸ್ಥೆ ಕಟ್ಟಿ ಜಮೀನು ಹಿಡಿದರು. ಅದು ಅಮೆರಿಕದ ಮೊದಲ ಕಮ್ಯುನಿಟಿ ಲ್ಯಾಂಡ್ ಟ್ರಸ್ಟ್. ಸ್ವಾನ್ ಅವರಿಗೆ ಇದರ ಯೋಚನೆ ಸಿಕ್ಕಿದ್ದರಲ್ಲಿ ವಿನೋಬಾ ಭಾವೆಯವರ ಗ್ರಾಮದಾನದ ಪಾಲು ದೊಡ್ಡದು. ಜಮೀನು ಊರಿನ ಹೆಸರಿನಲ್ಲಿ, ಉಳುಮೆ ಮನೆಯವರದ್ದು, ಯಾರೂ ಮಾರುವ ಹಾಗಿಲ್ಲ. 1957ರ ಸೆಪ್ಟೆಂಬರಿನಲ್ಲಿ ನೆಹರೂ ಸಮೇತ ದೇಶದ ನಾಯಕರೆಲ್ಲ ಕೂತು ಗ್ರಾಮದಾನದ ಬಗ್ಗೆ ಮಾತಾಡಿದ್ದು ನಮ್ಮ ಮೈಸೂರಿನ ಪಕ್ಕದ ಇಲವಾಲದಲ್ಲಿ. ಹುಣಸೂರು ಬಸ್ಸಿನಲ್ಲಿ ಎಷ್ಟು ಸಲ ಆ ಊರು ದಾಟಿದ್ದೇನೆ! ಭೂದಾನದಲ್ಲಿ ನಮ್ಮಲ್ಲಿ ಕಾಗದದ ಮೇಲೇ ಉಳಿದದ್ದು ಬಹಳ, ಅದು ಗೊತ್ತಿರುವ ವಿಷಯ. ಅದೇ ಯೋಚನೆ ಇಲ್ಲಿ, ಸೆಲ್ಬಿ ಅವೆನ್ಯೂದಲ್ಲಿ, ಒಬ್ಬ ಅಂಗಡಿಯವನ ಬಾಡಿಗೆ ಕಾಯುತ್ತಿದೆ ಅಂದರೆ ನನಗೆ ಹೆಮ್ಮೆಯಾಯಿತು.

ಭಾನುವಾರ

ಅಕ್ಕನ ಮನೆಯಲ್ಲಿ ಊಟ. ಬಿಸಿಬೇಳೆಭಾತು, ಬೂಂದಿ. ಬಂದಿದ್ದ ಕನ್ನಡದ ಸ್ನೇಹಿತರೊಬ್ಬರಿಗೆ ನಾನು ಎಲ್ಲಿ ಸುತ್ತುತ್ತಿದ್ದೇನೆ ಅಂತ ಗೊತ್ತಾಯಿತು. ತಟ್ಟೆ ಕೈಯಲ್ಲಿ ಹಿಡಿದೇ ಹತ್ತಿರ ಬಂದು ಕೂತರು.

"ಆ ಲ್ಯಾಂಡ್ ಬ್ರಿಡ್ಜ್ ನಿಜವಾಗ್ಲೂ ಬರುತ್ತಾ?" ಅಂದರು. "ಬಂದ್ರೆ ಸುತ್ತ ರೇಟು ಎಲ್ಲಿಗೋ ಹೋಗುತ್ತೆ. ಈಗಲೇ ಒಂದು ಡ್ಯೂಪ್ಲೆಕ್ಸ್ ಹಿಡಿದು ಬಾಡಿಗೆಗೆ ಬಿಟ್ರೆ ಹೇಗೆ ಅಂತ."

ಅವರು ಒಳ್ಳೆಯವರು. ಮಕ್ಕಳ ಕಾಲೇಜಿಗೆ ದುಡ್ಡು ಕೂಡಿಸುತ್ತಿದ್ದಾರೆ, ಎಲ್ಲರೂ ಮಾಡುವುದನ್ನೇ ಯೋಚಿಸಿದರು. ಆದರೆ ಸಮಸ್ಯೆ ಪೂರ್ತಿ ಇರುವುದು ಇದರಲ್ಲೇ. ಚಾಟ್ಸ್‌ವರ್ತ್ ಬೀದಿಯಿಂದ ಗ್ರಾಟೊ ತನಕ, ಅರ್ಧ ಮೈಲಿಯಷ್ಟು, ಹೆದ್ದಾರಿ ಮೇಲೆ 21 ಎಕರೆ ಹೊಸ ನೆಲ ಮಾಡಬೇಕು ಅನ್ನುವುದು ರೀಕನೆಕ್ಟ್ ರಾಂಡೊದ ಯೋಜನೆ. ಕೆಳಗೆ ಕಾರು ಓಡುತ್ತವೆ, ಮೇಲೆ ಮನೆ, ಅಂಗಡಿ, ಪಾರ್ಕು. ಯೋಚಿಸಲು, ನಕ್ಷೆ ಮಾಡಲು 2021ರಲ್ಲಿ ರಾಜ್ಯ 62 ಲಕ್ಷ ಡಾಲರ್ ಕೊಟ್ಟಿತು, 2023ರಲ್ಲಿ ಕೇಂದ್ರ 20 ಲಕ್ಷ ಕೊಟ್ಟಿತು. ಕಟ್ಟಲು ಹತ್ತಾರು ಕೋಟಿ ಬೇಕು, ವರ್ಷಗಟ್ಟಲೆ ಹಿಡಿಯುತ್ತೆ. ಒಂದು ಕಲ್ಲೂ ಇನ್ನೂ ಇಟ್ಟಿಲ್ಲ. ಆದರೆ ರೇಟು ಏರಲು ಕಲ್ಲು ಇಡಬೇಕಾಗಿಲ್ಲ, ಊಟದ ಹೊತ್ತಿನ ಇಂಥ ಮಾತು ಸಾಕು. ಡಲ್ಲಾಸಿನಲ್ಲಿ ಹೆದ್ದಾರಿ ಮೇಲೆ ಕಟ್ಟಿದ ಕ್ಲೈಡ್ ವಾರನ್ ಪಾರ್ಕ್ 2012ರಲ್ಲಿ ತೆರೆಯಿತು. ಚೆಂದದ ಪಾರ್ಕು, ಸುತ್ತ ಗಾಜಿನ ಟವರ್‌ಗಳು ಎದ್ದವು, ಜಾಗದ ಬೆಲೆ ಹಾರಿತು. ಅದನ್ನೇ ಅಲ್ಲಿ ಗೆಲುವು ಅಂತ ಎಣಿಸಿದರು. ರಾಂಡೊದಲ್ಲಿ ಅದೇ ಆದರೆ, ಮೊದಲ ಸಲ ಹೆದ್ದಾರಿ ಬಂದಿದ್ದಕ್ಕೆ ಊರು ಬಿಟ್ಟವರ ಮಕ್ಕಳು ಎರಡನೇ ಸಲ ಹೆದ್ದಾರಿ ಮುಚ್ಚಿದ್ದಕ್ಕೆ ಊರು ಬಿಡುತ್ತಾರೆ.

"ಹಂಗಂದ್ರೆ ಪಾರ್ಕೇ ಬೇಡವಾ?" ಅಂತ ಭಾವ ಕೇಳಿದರು. ಖಂಡಿತ ಬೇಕು. ಅರವತ್ತು ವರ್ಷ ಹೊಗೆ, ಸದ್ದು ತಡೆದುಕೊಂಡವರಿಗೆ ಮರ, ನೆಲ ಕೊಡದೆ ಇರುವುದು ಎಲ್ಲಿಯ ನ್ಯಾಯ? ನಾನು ಹೇಳಿದ್ದು ಇಷ್ಟು: ಕಾಂಕ್ರೀಟಿಗೂ ಮೊದಲು ಜಾಗ ಟ್ರಸ್ಟಿನ ಹೆಸರಿಗೆ ಬರಬೇಕು. ಸುತ್ತಲಿನ ಖಾಲಿ ಸೈಟು, ಹಳೆಯ ಡ್ಯೂಪ್ಲೆಕ್ಸು, ಸರ್ಕಾರದ ತುಂಡು ಜಾಗ ಎಲ್ಲ ಈಗ, ಅಗ್ಗವಾಗಿ ಇರುವಾಗಲೇ. ಆ 21 ಎಕರೆಯನ್ನ ಯಾವತ್ತೂ ಮಾರಬಾರದು, ಲೀಸಿಗೆ ಮಾತ್ರ ಕೊಡಬೇಕು. ಈಗ ಇರುವ ವಯಸ್ಸಾದವರ ಮನೆ ತೆರಿಗೆ, ಬೆಲೆ ಏರಿದೆ ಅಂತ, ಅವರ ಪಿಂಚಣಿ ತಿನ್ನದ ಹಾಗೆ ಹಿಡಿದಿಡಬೇಕು. ಎಲ್ಲ ಕಟ್ಟಿ ಮುಗಿದ ಮೇಲೆ ಬಡವರಿಗೆ ಹತ್ತು ಪರ್ಸೆಂಟ್ ಮನೆ ಅಂತ ಬೋರ್ಡು ಹಾಕಿದರೆ ಅದು ಮದುವೆ ಮುಗಿದ ಮೇಲೆ ವಾಲಗ ಊದಿಸಿದ ಹಾಗೆ.

ಬಾಡಿಗೆಯವರ ಮಾತೂ ಬಂತು. ಸೇಂಟ್ ಪಾಲ್ ಮತದಾರರು 2021ರ ನವೆಂಬರಿನಲ್ಲಿ ಬಾಡಿಗೆ ವರ್ಷಕ್ಕೆ ಶೇಕಡಾ 3ಕ್ಕಿಂತ ಜಾಸ್ತಿ ಏರಬಾರದು ಅಂತ ವೋಟು ಹಾಕಿದರು. ಕಟ್ಟುವವರು ಹಿಂದೆ ಸರಿದರು, ಮುಂದಿನ ವರ್ಷವೇ ನಗರಸಭೆ ಹೊಸ ಕಟ್ಟಡಗಳಿಗೆ 20 ವರ್ಷ ವಿನಾಯಿತಿ ಕೊಟ್ಟಿತು. ಸ್ನೇಹಿತರು "ನೋಡಿ, ಅದಕ್ಕೇ ಇದೆಲ್ಲ ನಡೆಯಲ್ಲ" ಅಂದರು. ನನಗೆ ಹಾಗನ್ನಿಸುವುದಿಲ್ಲ. ಬಾಡಿಗೆ ಮಿತಿ ಇವತ್ತಿನ ಬಾಡಿಗೆದಾರನನ್ನ ಕಾಯುತ್ತೆ, ಹೊಸ ಮನೆ ಕಟ್ಟುವುದಿಲ್ಲ. ಟ್ರಸ್ಟ್ ಮನೆಯನ್ನ ಕಾಯುತ್ತೆ, ಆದರೆ ನಿಧಾನ, ಒಂದೊಂದೇ ಮನೆ. ಎರಡೂ ಬೇಕು, ದುಡ್ಡೂ ಬೇಕು. ಆ ದುಡ್ಡಿನದೇ ಕಷ್ಟ. ಒಡೆದ ಊರುಗಳನ್ನ ಕೂಡಿಸಲು ಅಂತ ಕೇಂದ್ರ ತೆಗೆದಿಟ್ಟ ಹಣದಲ್ಲಿ ಕಾಗದಪತ್ರ ಆಗದೆ ಉಳಿದದ್ದನ್ನ 2025ರ ಜುಲೈಯಲ್ಲಿ ಹೊಸ ಕಾನೂನು ವಾಪಸ್ ತೆಗೆದುಕೊಂಡಿತು.

ಸ್ನೇಹಿತರು ಒಪ್ಪಲಿಲ್ಲ, ಜಗಳವೂ ಆಗಲಿಲ್ಲ. ಹೋಗುವಾಗ ಟ್ರಸ್ಟಿನ ಹೆಸರು ಬರೆದುಕೊಂಡರು.

ಸೋಮವಾರ

ಯೂನಿವರ್ಸಿಟಿ ಅವೆನ್ಯೂ, ಡೇಲ್ ಸ್ಟೇಷನ್. ಇಲ್ಲಿ ಒಂದು ಲೈಬ್ರರಿ ಇದೆ, ರಾಂಡೊ ಅಂತಲೇ ಹೆಸರು.

ನಾನು ಓಡಾಡುತ್ತಿದ್ದ ರೈಲಿಗೂ ಒಂದು ಕತೆ ಇದೆ. 2014ರಲ್ಲಿ ಓಡಲು ಶುರುವಾದ ಗ್ರೀನ್ ಲೈನ್ ಮೊದಲಿನ ನಕ್ಷೆಯಲ್ಲಿ ಈ ಕೇರಿಯ ಮಧ್ಯೆ ಹೋಗುತ್ತಿತ್ತು, ಆದರೆ ವೆಸ್ಟರ್ನ್, ವಿಕ್ಟೋರಿಯಾ, ಹ್ಯಾಮ್ಲಿನ್ ಬೀದಿಗಳಲ್ಲಿ ನಿಲ್ಲುತ್ತಿರಲಿಲ್ಲ. ಬಸ್ಸು, ರೈಲು ಜಾಸ್ತಿ ಬೇಕಾದವರ ಮನೆ ಮುಂದೆಯೇ ನಿಲ್ಲದೆ ಹೋಗುವ ರೈಲು! ಜನ ಸಂಘ ಕಟ್ಟಿ ವರ್ಷಗಟ್ಟಲೆ ಹಠ ಹಿಡಿದು ಆ ಮೂರು ಸ್ಟೇಷನ್ ಸೇರಿಸಿಕೊಂಡರು. ಗುರುವಾರ ನಾನು ಇಳಿದ ವಿಕ್ಟೋರಿಯಾ ಅದರಲ್ಲಿ ಒಂದು.

ಲೈಬ್ರರಿಯಲ್ಲಿ ಪಕ್ಕದ ಮೇಜಿನ ಹಿರಿಯರೊಬ್ಬರು ಮಾತಿಗೆ ಸಿಕ್ಕರು. ಎಂಬತ್ತರ ಹತ್ತಿರ, ಕುತ್ತಿಗೆ ತನಕ ಗುಂಡಿ ಹಾಕಿದ ಅಂಗಿ. ಹುಡುಗರಾಗಿದ್ದಾಗ ರಾಂಡೊದಲ್ಲಿದ್ದರಂತೆ. "ಸರ್, ರಾಂಡೊ ಒಡೆದದ್ದಕ್ಕೆ 2015ರಲ್ಲಿ ಮೇಯರ್ ಕ್ಷಮೆ ಕೇಳಿದಾಗ ನೀವು ಇದ್ದಿರಾ?" ಅಂತ ಕೇಳಿದೆ. ಇದ್ದೆ, ಒಳ್ಳೆಯದೇ ಆಯಿತು, ಅಂದರು. ಆಮೇಲೆ ಒಂದು ಪ್ಲಾಸ್ಟಿಕ್ ಕವರಿನಿಂದ ಕಾಗದಗಳನ್ನ ತೆಗೆದು ಮೇಜಿನ ಮೇಲೆ ಹರಡಿದರು. ಮಗಳು ಮನೆ ತೆಗೆದುಕೊಳ್ಳಲು ನೋಡುತ್ತಿದ್ದಾಳೆ. ರಾಂಡೊದಲ್ಲಿ ಆಸ್ತಿ ಕಳೆದುಕೊಂಡವರ ನೇರ ವಂಶದವರಿಗೆ, ಆದಾಯದ ಮಿತಿಯೊಳಗೆ ಇದ್ದರೆ, ನಗರಸಭೆ ಇನ್ಹೆರಿಟೆನ್ಸ್ ಫಂಡ್ ಅಂತ ಡೌನ್ ಪೇಮೆಂಟಿಗೆ, ರಿಪೇರಿಗೆ ಸಾಲ ಕೊಡುತ್ತೆ, ಷರತ್ತಿನಂತೆ ನಡೆದುಕೊಂಡರೆ ಅದು ಮನ್ನಾ ಆಗುತ್ತೆ. ಒರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ನಗರದ ಆಲ್ಬೈನಾ ಕೇರಿಯಲ್ಲೂ ಹಳೆಯ ನಿವಾಸಿಗಳ ಮಕ್ಕಳು, ಮೊಮ್ಮಕ್ಕಳಿಗೆ ಮನೆ ಹಂಚಿಕೆಯಲ್ಲಿ ಮೊದಲ ಸಾಲು ಕೊಡುವ ಪದ್ಧತಿ ಇದೆ. ಊರಿನಲ್ಲಿ ಈಗ ಇರುವವರನ್ನ ಉಳಿಸುವುದು ಒಂದು ಕೆಲಸ, ಊರಿನಿಂದ ಹೋದವರನ್ನ ಕರೆಯುವುದು ಇನ್ನೊಂದು. ಎರಡನೆಯದನ್ನ ಜಾಸ್ತಿ ಜನ ಮರೆಯುತ್ತಾರೆ.

ಆದರೆ ಸಂಬಂಧ ತೋರಿಸಬೇಕು. ಇವರ ಅಪ್ಪನ ಮನೆ ಇತ್ತು ಅನ್ನುವುದು ಅವರಿಗೆ ಗೊತ್ತು, ಚರ್ಚಿಗೆ ಗೊತ್ತು. ಕಾಗದಕ್ಕೆ ಗೊತ್ತಿಲ್ಲ. ಮೇಜಿನ ಮೇಲೆ ಜನನ ಪತ್ರ ಇತ್ತು, ಒಂದು ಮದುವೆ ಫೋಟೊ ಇತ್ತು, ಅಪ್ಪ ಜಗಲಿಯಲ್ಲಿ ನಿಂತಿದ್ದ ಇನ್ನೊಂದು ಫೋಟೊದಲ್ಲಿ ಮನೆ ನಂಬರಿನ ಕೊನೆಯ ಎರಡು ಅಂಕಿ ಕಾಣುತ್ತಿದ್ದವು. ಮೊದಲಿನ ಅಂಕಿ ಗಿಡದ ಹಿಂದೆ ಹೋಗಿತ್ತು.

ನಾನು ಶುಕ್ರವಾರ ನೋಡಿದ ಡೈರೆಕ್ಟರಿಗಳ ವಿಷಯ ಹೇಳಿದೆ. ಬೀದಿ ಹೆಸರಿನ ಕ್ರಮದಲ್ಲಿ ಹುಡುಕಿ, ಸ್ವಂತ ಮನೆಯ ಗುರುತು ನೋಡಿ, 1956ಕ್ಕಿಂತ ಹಿಂದಿನ ಮೂರು ನಾಲ್ಕು ವರ್ಷದ ಪುಟ ತೆಗೆಸಿ ನಕಲು ಮಾಡಿಸಿಕೊಳ್ಳಿ, ಅದರ ಜೊತೆಗೆ ಕೌಂಟಿ ಆಫೀಸಿನಲ್ಲಿ ಹಳೆಯ ಕ್ರಯಪತ್ರ ಕೇಳಿ ಅಂತ ಒಂದು ಚೀಟಿಯಲ್ಲಿ ಬರೆದು ಕೊಟ್ಟೆ. ಅವರು ಓದಿ, ಮಗಳಿಗೆ ಫೋನ್ ಮಾಡಿ, ಹಿಸ್ಟರಿ ಸೆಂಟರಿಗೆ ಕರೆದುಕೊಂಡು ಹೋಗಲು ರಜೆ ಹಾಕಲು ಆಗುತ್ತಾ ಅಂತ ಕೇಳಿದರು.